ಗುಲಾಬಿಗೆ ಕತ್ತರಿ ಹಾಕೋ ಕಾಲ ಇದು

ಆಯುಧಪೂಜೆಗೆ ಮನೆಯ ಕತ್ತಿ, ಕತ್ತರಿಗಳಿಗೆಲ್ಲ ಕುಂಕುಮ ಇಟ್ಟಿರ್ತೀರಿ. ಅದರಲ್ಲಿ ಗಿಡ ಸವರೋ ಕತ್ತರಿಯೂ ಇದ್ದರೆ, ಅದಕ್ಕೆ ಕೆಲಸ ಕೊಡೋ ಕಾಲ ಇದೇ. ಬೆಂಗಳೂರು, ಮೈಸೂರಿನ ಹವೆಗೆ ಅಕ್ಟೋಬರ್‌ನಿಂದ ನವೆಂಬರ್ ಮಧ್ಯದವರೆಗೆ ಗುಲಾಬಿ ಸವರಬಹುದು. ಹಿಂಗಾರು ಮಳೆ ಎರಡು ಮೂರು ದಿನ ಬಿಡುವು ಕೊಟ್ಟಾಗ ಈ ಕೆಲಸ ಮಾಡಿ.

'ಮೊಗ್ಗು ಇದೆಯಲ್ಲ, ಹೇಗೆ ಕತ್ತರಿಸೋದು?' ಅಂತ ಬಹಳ ಜನ ಹಿಂಜರೀತಾರೆ. ಹಾಗೇ ಬಿಟ್ಟರೆ ಕೊಂಬೆ ಉದ್ದಕ್ಕೆ ಹೋಗುತ್ತೆ, ಬುಡ ಬೋಳಾಗುತ್ತೆ, ಹೂವು ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತೆ. ಕೊಂಬೆಯ ತುದಿಯಲ್ಲಿರುವ ಚಿಗುರು ಆಕ್ಸಿನ್ ಅನ್ನೋ ಹಾರ್ಮೋನನ್ನು ಕೆಳಕ್ಕೆ ಕಳಿಸಿ, ಕೆಳಗಿನ ಕಣ್ಣುಗಳನ್ನು ಚಿಗುರದಂತೆ ತಡೆದಿಟ್ಟಿರುತ್ತೆ. ತುದಿ ಹೋದರೆ ಆ ಕಣ್ಣುಗಳು ಒಡೆಯುತ್ತವೆ. ಹೊಸ ಹೂವು ಬರೋದು ಆ ಹೊಸ ಚಿಗುರಿನಲ್ಲೇ.

ಆದರೆ ಕತ್ತರಿ ಹಾಕೋ ಮೊದಲು ಗಿಡದ ಬುಡ ನೋಡಿ. ನರ್ಸರಿಯಿಂದ ತಂದ ಗುಲಾಬಿ ಸಾಮಾನ್ಯವಾಗಿ ಕಸಿ ಗಿಡ. ಬೇರು ಒಂದು ಕಾಡು ಜಾತಿಯದು, ಮೇಲಿನ ಹೂವು ಇನ್ನೊಂದರದು. ಎರಡೂ ಸೇರಿದ ಜಾಗ ಗಂಟಿನ ಹಾಗೆ ಕಾಣುತ್ತೆ. 'ಗಿಡ ಸೊಂಪಾಗಿದೆ, ಹೂವೇ ಬಿಡ್ತಿಲ್ಲ' ಅನ್ನೋರ ಮನೆಯಲ್ಲಿ ಎಷ್ಟೋ ಸಲ ಆ ಗಂಟಿನ ಕೆಳಗಿಂದ ಬಂದ ಕಾಡು ಚಿಗುರು ಕಸಿಯನ್ನೇ ನುಂಗಿ ಬೆಳೆದಿರುತ್ತೆ. ಅದನ್ನು ಮಧ್ಯಕ್ಕೆ ಕತ್ತರಿಸಿದರೆ ಮತ್ತೆ ನಾಲ್ಕಾಗಿ ಬರುತ್ತೆ. ಮಣ್ಣು ಸರಿಸಿ, ಹುಟ್ಟಿದ ಜಾಗದಿಂದಲೇ ಕಿತ್ತು ತೆಗೀಬೇಕು. ಗಂಟಿನ ಮೇಲಿಂದ ಬರೋ ದಪ್ಪ ಕೆಂಪು ಚಿಗುರು ಮಾತ್ರ ಬಂಗಾರ, ಅದನ್ನು ಮುಟ್ಟಬೇಡಿ. ಕಡ್ಡಿ ನೆಟ್ಟು ಬೆಳೆಸಿದ ಗಿಡಕ್ಕೆ ಈ ತಾಪತ್ರಯ ಇಲ್ಲ.

ಇನ್ನು ಸವರೋ ಕೆಲಸ. ಒಣಗಿದ ಕೊಂಬೆ, ಒಂದಕ್ಕೊಂದು ಉಜ್ಜೋ ಕೊಂಬೆ, ಪೆನ್ಸಿಲ್‌ಗಿಂತ ಸಣಕಲು ಕಡ್ಡಿ ತೆಗೀರಿ. ದೊಡ್ಡ ಹೂವಿನ ಹೈಬ್ರಿಡ್ ಟೀ ಗಿಡಕ್ಕೆ ನಾಲ್ಕೈದು ಗಟ್ಟಿ ಕೊಂಬೆ ಉಳಿಸಿ, ಎತ್ತರದಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಇಳಿಸಿ. ಬಟನ್ ರೋಸ್‌ಗೆ ತುದಿ ಸವರಿದರೆ ಸಾಕು. ಹೊರಮುಖವಾಗಿರೋ ಕಣ್ಣಿನಿಂದ ಕಾಲಿಂಚು ಮೇಲೆ, ನೀರು ನಿಲ್ಲದ ಹಾಗೆ ಓರೆಯಾಗಿ ಕತ್ತರಿಸಿ. ಕತ್ತರಿ ಹರಿತವಾಗಿರಲಿ, ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಸ್ಪಿರಿಟ್‌ನಲ್ಲಿ ಒರೆಸಿ. ಕತ್ತರಿಸಿದ ಜಾಗಕ್ಕೆ ಬೋರ್ಡೋ ಪೇಸ್ಟ್ ಹಚ್ಚಿದರೆ ತುದಿಯಿಂದ ಕಪ್ಪಾಗಿ ಒಣಗೋ ರೋಗಕ್ಕೆ ತಡೆ.

ಉದುರಿದ ಎಲೆಯನ್ನು ಕುಂಡದಲ್ಲಿ ಬಿಡಬೇಡಿ. ಕಪ್ಪು ಚುಕ್ಕೆ ರೋಗದ ಶಿಲೀಂಧ್ರ ಅಲ್ಲೇ ಉಳಿದು, ಹೊಸ ಎಲೆಗೆ ಹತ್ತುತ್ತೆ. ಎಲೆ ಏಳೆಂಟು ಗಂಟೆ ಒದ್ದೆಯಾಗಿದ್ದರೆ ಅದಕ್ಕೆ ಸಾಕು. ಅದಕ್ಕೇ ನೀರು ಬೆಳಿಗ್ಗೆ, ಅದೂ ಬುಡಕ್ಕೆ. ಜೊತೆಗೆ ಎರಡು ಹಿಡಿ ಎರೆಹುಳು ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಕೊಡಿ.

ಸವರಿದ ಮೇಲೆ ಹೂವಿಗೆ ಸುಮಾರು 45ರಿಂದ 50 ದಿನ ಬೇಕು. ಹೊಸ ವರ್ಷದ ಬೆಳಿಗ್ಗೆ ದೇವರಿಗೆ ಮನೆಯದೇ ಗುಲಾಬಿ ಇಡಬೇಕು ಅಂದರೆ ನವೆಂಬರ್ ಎರಡನೇ ವಾರದಲ್ಲಿ ಕತ್ತರಿಸಿ. ಅಲ್ಲಿವರೆಗೆ ಬೋಳು ಗಿಡ ನೋಡಿ ಮನೆಯವರು ಬೈದರೆ, ದಿನ ಲೆಕ್ಕ ಹಾಕಿ ತೋರಿಸಿ.