ಪುಟ್ಟ ಕಳ್ಳನ ಮನೆವಾಸ

(ಓದುಗರ ಬಳಗವೊಂದರ ಭಾನುವಾರದ ಕೂಟದಲ್ಲಿ ನಮ್ಮ ವರದಿಗಾರರು ಆಡಿದ ಮಾತುಗಳ ಬರಹ ರೂಪ)



ನಾನು ಪ್ರಾಣಿಶಾಸ್ತ್ರ ಓದಿದವನಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ನಗರಸಭೆ, ನಲ್ಲಿ ನೀರು, ಚರಂಡಿ ಎಂದು ವರದಿ ಬರೆದುಕೊಂಡಿರುವವನು. ಈ ವಿಷಯ ನನಗೆ ಗಂಟುಬಿದ್ದದ್ದು ಬಳ್ಳಾರಿಯಲ್ಲಿರುವ ಅಕ್ಕನ ಮಗನಿಂದ. ಎಂಟನೇ ತರಗತಿಯ ಹುಡುಗ. ಒಂದು ರಾತ್ರಿ ಫೋನ್ ಮಾಡಿ, ‘ಮಾಮಾ, ನನಗ ಫೆರೆಟ್ ಬೇಕು. ಅವ್ವಗ ನೀನ ಹೇಳು’ ಎಂದ. ಯಾವುದೋ ವಿಡಿಯೊದಲ್ಲಿ ನೋಡಿದ್ದಾನೆ. ಫೋಟೊ ಕಂಡ ಅಕ್ಕ, ‘ಇದು ಮುಂಗುಸಿ ಅಲ್ಲೇನೋ’ ಎಂದಳು. ನಿಜ ಹೇಳಬೇಕೆಂದರೆ ನಾನೂ ಹಾಗೆಯೇ ಅಂದುಕೊಂಡಿದ್ದೆ.

ಮುಂಗುಸಿ ಅಲ್ಲ. ಉದ್ದನೆಯ ಮೈ, ಗಿಡ್ಡ ಕಾಲು, ಚೂಪು ಮೂತಿ, ಇಷ್ಟೇ ಹೋಲಿಕೆ. ಫೆರೆಟ್ ಬೇರೆಯೇ ಕುಟುಂಬದ್ದು. ನಮ್ಮ ನಾಡಿನಲ್ಲಿ ಅದಕ್ಕೆ ನೆಂಟರು ಬೇಕೆಂದರೆ ತುಂಗಭದ್ರೆಯ ನೀರುನಾಯಿಗಳನ್ನು ನೋಡಬೇಕು. 2015ರಲ್ಲಿ ಆ ನದಿಯ ಒಂದು ಭಾಗವನ್ನು ಸರ್ಕಾರ ನೀರುನಾಯಿಗಳಿಗಾಗಿಯೇ ಮೀಸಲು ಪ್ರದೇಶವೆಂದು ಘೋಷಿಸಿತು. ಬಳ್ಳಾರಿಯ ಹುಡುಗನಿಗೆ ಫೆರೆಟ್ಟಿನ ದಾಯಾದಿಗಳು ಒಂದು ಬಸ್ಸಿನ ದೂರದಲ್ಲೇ ಇವೆ ಎನ್ನುವುದು ತಮಾಷೆಯಾಗಿದೆ.

ಯುರೋಪಿನಲ್ಲಿ ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯಿದೆ. ಹೆಸರಿನಲ್ಲಿ ‘ಕ್ಯಾಟ್’ ಇದ್ದರೂ ಬೆಕ್ಕಲ್ಲ. ಅದನ್ನೇ ಮನುಷ್ಯ ಪಳಗಿಸಿ, ತಲೆಮಾರುಗಳ ಕಾಲ ಮರಿ ಮಾಡಿಸಿದಾಗ ಆದದ್ದು ಫೆರೆಟ್. ಇದು ನಡೆದು ಎರಡು ಸಾವಿರ ವರ್ಷವಾದರೂ ಆಗಿದೆ. ಸ್ಪೇನ್ ಕಡೆಯಲ್ಲಿ ಮೊಲಗಳ ಕಾಟ ಮಿತಿಮೀರಿದಾಗ, ಆಫ್ರಿಕಾದಿಂದ ತಂದ ಇಂಥದ್ದೊಂದು ಪ್ರಾಣಿಯ ಬಾಯಿಗೆ ಕುಕ್ಕೆ ಕಟ್ಟಿ ಬಿಲದೊಳಕ್ಕೆ ಬಿಡುತ್ತಿದ್ದರೆಂದು ಗ್ರೀಕ್ ಲೇಖಕ ಸ್ಟ್ರಾಬೊ ಬರೆದಿದ್ದಾನೆ. ಮೊಲ ಹೊರಗೋಡಿ ಬಂದರೆ ಅಲ್ಲಿ ಬಲೆ ಹಿಡಿದವರು ಕಾದಿರುತ್ತಿದ್ದರು. ಬಾಯಿ ಕಟ್ಟದೆ ಬಿಟ್ಟರೆ ಅದು ಒಳಗೇ ಉಂಡು ಮಲಗಿಬಿಡುತ್ತದೆ, ಅದಕ್ಕೇ ಕುಕ್ಕೆ. ನಮ್ಮ ರೈತರು ಕಣದಲ್ಲಿ ಎತ್ತಿಗೆ ಕಟ್ಟುವ ಲೆಕ್ಕಾಚಾರವೇ ಇದು. ‘ಫೆರೆಟ್’ ಎಂಬ ಹೆಸರಿನ ಮೂಲ ಲ್ಯಾಟಿನ್. ಅರ್ಥ, ಪುಟ್ಟ ಕಳ್ಳ. ಸಾಕಿದವರ ಮನೆಯಲ್ಲಿ ಕಾಲುಚೀಲ, ಬೀಗದಕೈ, ರಬ್ಬರಿನ ಚೂರು ಏನು ಕಳೆದರೂ ಸೋಫಾದ ಹಿಂದೆ ಹುಡುಕಬೇಕಂತೆ.

ಕಳ್ಳನಿಗೆ ದೊಡ್ಡ ಮನೆಗಳ ನಂಟೂ ಇತ್ತು. 15ನೇ ಶತಮಾನದ ಕೊನೆಯಲ್ಲಿ ಲಿಯೊನಾರ್ಡೊ ಡ ವಿಂಚಿ ಬರೆದ ಹೆಣ್ಣುಮಗಳೊಬ್ಬಳ ಚಿತ್ರ ಈಗ ಪೋಲೆಂಡಿನ ಕ್ರಾಕೋವ್‌ನಲ್ಲಿದೆ. ಆಕೆಯ ತೋಳಿನಲ್ಲಿರುವ ಬಿಳಿ ಪ್ರಾಣಿಯನ್ನು ಅರ್ಮಿನ್ ಎನ್ನುತ್ತಾರೆ. ಗಾತ್ರ ನೋಡಿ ಅದು ಫೆರೆಟ್ಟೇ ಎಂದು ವಾದಿಸುವವರೂ ಇದ್ದಾರೆ. ಇನ್ನು ವಿಜ್ಞಾನದ ಮಾತಿಗೆ ಬಂದರೆ, ಮನುಷ್ಯರ ಫ್ಲೂ ಜ್ವರಕ್ಕೆ ವೈರಸ್ ಕಾರಣವೆಂದು 1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ತೋರಿಸಿಕೊಟ್ಟದ್ದು ಫೆರೆಟ್ಟುಗಳಿಂದ. ನಮ್ಮ ನೆಗಡಿ-ಜ್ವರ ಅವಕ್ಕೂ ಹಿಡಿಯುತ್ತದೆ, ಅವುಗಳದ್ದು ನಮಗೂ. ಆ ತಂಡದ ವಿಲ್ಸನ್ ಸ್ಮಿತ್ ಅವರ ಮುಖಕ್ಕೇ ಒಂದು ಫೆರೆಟ್ ಸೀನಿತು. ಅವರು ಜ್ವರ ಹಿಡಿದು ಮಲಗಿದರು. ಅವರಿಂದ ತೆಗೆದ ವೈರಸ್ಸಿಗೆ ಅವರದೇ ಹೆಸರಿನ ಮೊದಲಕ್ಷರಗಳನ್ನು ಇಟ್ಟರು. ಮನೆಯಲ್ಲಿ ಸಾಕುವವರು ಈ ಕಥೆಯನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಹುಡುಗನ ಪ್ರಶ್ನೆಗೆ ಬರೋಣ. ಸಾಕಬಹುದೇ?

ಪಶ್ಚಿಮದ ದೇಶಗಳಲ್ಲಿ ಸಾಕುತ್ತಾರೆ. ಆದರೆ ಅಮೆರಿಕದಲ್ಲೇ ಕ್ಯಾಲಿಫೋರ್ನಿಯಾ ಮತ್ತು ಹವಾಯಿ ರಾಜ್ಯಗಳಲ್ಲಿ ಸಾಕುವಂತಿಲ್ಲ. ನ್ಯೂಯಾರ್ಕ್ ನಗರ 1999ರಲ್ಲಿ ಹಾಕಿದ ನಿಷೇಧವನ್ನು 2015ರಲ್ಲೂ ತೆಗೆಯಲು ಒಪ್ಪಲಿಲ್ಲ. ದಿನಕ್ಕೆ ಹದಿನಾಲ್ಕು ಗಂಟೆಗೂ ಹೆಚ್ಚು ಮಲಗುವ, ಒಂದೆರಡು ಕಿಲೋ ತೂಗುವ ಜೀವಿ. ಎದ್ದಾಗ ಮಾತ್ರ ಮನೆಯೆಲ್ಲ ಅದರದ್ದೇ. ಖುಷಿಯಾದರೆ ಬೆನ್ನು ಬಾಗಿಸಿ ಅಡ್ಡಡ್ಡಲಾಗಿ ಕುಣಿಯುತ್ತದೆ. ಆ ಹುಡುಗ ಮರುಳಾದದ್ದು ಈ ಕುಣಿತಕ್ಕೇ. ಅದಕ್ಕೆ ಮಾಂಸವೇ ಆಹಾರ. ಅನ್ನ, ಹಾಲು, ಬಾಳೆಹಣ್ಣಿನಲ್ಲಿ ಬದುಕದು. ತಿಂದದ್ದು ಮೂರ್ನಾಲ್ಕು ಗಂಟೆಯಲ್ಲಿ ಕರಗಿಹೋಗುವುದರಿಂದ ಮತ್ತೆ ಮತ್ತೆ ಹಾಕಬೇಕು. ಅಕ್ಕನ ಮನೆಯಲ್ಲಿ ಮೊಟ್ಟೆಯನ್ನೂ ಒಳಗೆ ತರುವುದಿಲ್ಲ. ವಾಸನೆಯ ವಿಚಾರವನ್ನು ನಾನು ಅವಳಿಗೆ ಇನ್ನೂ ಹೇಳಿಲ್ಲ.

ಇವೆಲ್ಲ ಮನೆಯವರ ತೊಂದರೆ. ಪ್ರಾಣಿಯ ತೊಂದರೆ ಬೇರೆ. ಫೆರೆಟ್ ತಂಪು ನಾಡಿನದು. ಬೆವರಿ ಮೈ ತಣಿಸಿಕೊಳ್ಳಲು ಅದಕ್ಕೆ ಆಗುವುದಿಲ್ಲ. 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದರೆ ಬಿಸಿಲಾಘಾತವಾಗಿ ಸಾಯಬಹುದು. ತಂಪೂರು ಎನ್ನುವ ಬೆಂಗಳೂರೇ 2016ರ ಏಪ್ರಿಲ್‌ನಲ್ಲಿ 39 ಡಿಗ್ರಿ ದಾಟಿತ್ತು. ಬಳ್ಳಾರಿಯ ಬೇಸಿಗೆಯನ್ನು ನಿಮಗೆ ನಾನು ವರ್ಣಿಸಬೇಕಿಲ್ಲ. ಹಗಲಿನಲ್ಲಿ ಕರೆಂಟು ಹೋದರೆ? ಹೆಣ್ಣಾದರೆ ಮತ್ತೊಂದು ಸಂಕಟ. ಬೆದೆಗೆ ಬಂದು ಗಂಡು ಸಿಗದೆ ಉಳಿದರೆ ಬೆದೆ ಇಳಿಯುವುದೇ ಇಲ್ಲ, ರಕ್ತ ಬತ್ತಿ ಸಾಯುವುದುಂಟು. ಅದಕ್ಕಾಗಿ ಸಂತಾನಹರಣ ಚಿಕಿತ್ಸೆ ಮಾಡಿಸಬೇಕು. ನಾಯಿಗಳಿಗೆ ಬರುವ ಡಿಸ್ಟೆಂಪರ್ ರೋಗ ತಗುಲಿದರೆ ಫೆರೆಟ್ ಬದುಕುವುದು ಇಲ್ಲವೆಂದೇ ಹೇಳಬೇಕು. ಬೀದಿನಾಯಿ ಮುಟ್ಟಿ ಬಂದ ನಮ್ಮ ಕೈ, ಚಪ್ಪಲಿಯೂ ಆ ರೋಗವನ್ನು ಹೊತ್ತು ತರಬಲ್ಲವು.

ಸಾಕಲಾಗದಿದ್ದರೆ ಹೊರಗೆ ಬಿಟ್ಟರಾಯಿತು ಎನ್ನುವವರಿಗೆ ನ್ಯೂಜಿಲೆಂಡ್ ಉತ್ತರ. ಅಲ್ಲಿ ವಲಸೆ ಬಂದವರು ಮೊಲ ತಂದರು. ಮೊಲ ಹುಲ್ಲುಗಾವಲು ಬೋಳಿಸಿತು. ಮೊಲ ಹಿಡಿಯಲು 1880ರ ದಶಕದಲ್ಲಿ ಫೆರೆಟ್ ಬಿಟ್ಟರು. ಅವು ಮೊಲಗಳ ಜೊತೆಗೆ ಕಿವಿಯಂಥ ಹಾರಲಾಗದ ಹಕ್ಕಿಗಳನ್ನೂ ಕೊಂದವು. 2002ರಲ್ಲಿ ಆ ದೇಶ ಫೆರೆಟ್ ಮಾರುವುದನ್ನೂ ಮರಿ ಮಾಡಿಸುವುದನ್ನೂ ನಿಷೇಧಿಸಿತು. ನಮ್ಮ ಮುಂಗುಸಿಗೂ ಇದೇ ಪಾತ್ರ ಕೊಟ್ಟಿದ್ದರು. 1872ರಲ್ಲಿ ಭಾರತದಿಂದ ಒಂಬತ್ತು ಮುಂಗುಸಿಗಳನ್ನು ಜಮೈಕಾದ ಕಬ್ಬಿನ ತೋಟಗಳಿಗೆ, ಇಲಿ ಹಿಡಿಯಲೆಂದು ಒಯ್ದರು. ಅಲ್ಲಿಂದ 1883ರಲ್ಲಿ ಹವಾಯಿಗೆ. ಅಲ್ಲೂ ಹಕ್ಕಿಗಳ ಮೊಟ್ಟೆಗಳೇ ಹೋದವು. ತಪ್ಪು ಮುಂಗುಸಿಯದಲ್ಲ ಬಿಡಿ.

‘ಹಂಗಾರ ಮುಂಗುಸೀನ ಸಾಕೋಣ’ ಎಂದ ಹುಡುಗ. ಪಂಚತಂತ್ರದ ಬ್ರಾಹ್ಮಣನ ಮನೆಯಲ್ಲಿ ಮಗುವನ್ನು ಕಾದ ಮುಂಗುಸಿಯ ಕಥೆ ಅವನಿಗೆ ಗೊತ್ತು. ನನಗೆ ನೆನಪಿರುವುದು ಬೇರೆ ಮುಂಗುಸಿ. ಚಿಕ್ಕವನಿದ್ದಾಗ ನಮ್ಮ ಸಂತೆಗೆ ಬರುತ್ತಿದ್ದ ಹಾವಾಡಿಗ ಅದನ್ನು ಗೂಟಕ್ಕೆ ಕಟ್ಟಿರುತ್ತಿದ್ದ. ಹಗ್ಗದ ಉದ್ದದಷ್ಟೇ ಸುತ್ತು ಹಾಕಿ ಹಾಕಿ ಅಲ್ಲಿ ಮಣ್ಣು ನುಣ್ಣಗಾಗಿತ್ತು. ಮುಂಗುಸಿ ಕಾಡುಜೀವಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಹಿಡಿಯುವುದೂ ಇಟ್ಟುಕೊಳ್ಳುವುದೂ ಅಪರಾಧ. ಆದರೂ ಬಣ್ಣದ ಬ್ರಷ್ಷಿನ ಕೂದಲಿಗಾಗಿ ಕದ್ದು ಕೊಲ್ಲುತ್ತಾರೆ. ಫೆರೆಟ್ ಹಾಗಲ್ಲ, ಮನುಷ್ಯನೇ ಮಾಡಿಕೊಂಡ ಸಾಕುಪ್ರಾಣಿ. ಅದನ್ನು ಸಾಕುವುದರಲ್ಲಿ ಪಾಪವಿಲ್ಲ. ಬಳ್ಳಾರಿಯಲ್ಲಿ ಸಾಕುವುದರಲ್ಲಿ ಇದೆ ಎಂದು ನನ್ನ ಅಭಿಪ್ರಾಯ.

ಇಷ್ಟನ್ನೂ ಅವನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಂಗಡ್ಯಾಗ ಪಂಜರದಾಗ ಕುಂತಿದ್ರ ಅದಕ್ಕೂ ಸೆಖಿ ಆಗ್ತದಲ್ಲ ಮಾಮಾ, ಅದನ್ನ ಯಾರು ತಗೋಬೇಕು?’ ಎಂದ. ನಾವು ಕೊಂಡರೆ ಅಂಗಡಿಯವನು ಇನ್ನೊಂದು ತರಿಸುತ್ತಾನೆ ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. ದಸರಾ ರಜೆಯಲ್ಲಿ ಕರೆದುಕೊಂಡು ಹೋಗಿ ನದಿಯಲ್ಲಿ ನೀರುನಾಯಿ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೇನೆ. ಅವು ಕಾಣಿಸಿಕೊಂಡರೆ.