ಮಿದುಳಿಗೆ ಹಿಡಿಯದ ಬಣ್ಣ

ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ಹೋಗುವ ರೈಲು ದೊಡ್ಡಬಳ್ಳಾಪುರವನ್ನು ದಾಟಿದ ಮೇಲೆ ಬೆಟ್ಟಗಳ ನಡುವೆ ಹಾದುಹೋಗುತ್ತದೆ. ಅಲ್ಲಿಯೇ ಇದೆ ಮಾಕಳಿದುರ್ಗ, ನಾನು ಹುಟ್ಟಿದ ಊರು. ಹೆಬ್ಬಂಡೆಯ ನೆತ್ತಿಯ ಮೇಲೆ ಪಾಳುಬಿದ್ದ ಕೋಟೆ, ಅದರೊಳಗೆ ಮಲ್ಲೇಶ್ವರನ ಗುಡಿ. ಕೆಳಗೆ ನಿಂತವನಿಗೆ ಗೋಡೆ ಕಾಣುತ್ತದೆಯೇ ಹೊರತು ಗೋಡೆಯ ಆಚೆಗಿರುವುದು ಕಾಣುವುದಿಲ್ಲ. ಈ ದಿನ ನಾನು ಹೇಳಹೊರಟಿರುವ ವಿಷಯಕ್ಕೆ ಆ ಕೋಟೆಯ ಹೋಲಿಕೆಯೂ ಬೇಕು, ದೊಡ್ಡಬಳ್ಳಾಪುರದ ನೇಕಾರರ ಬಣ್ಣದ ಕಡಾಯಿಯ ಹೋಲಿಕೆಯೂ ಬೇಕು. ಬದುಕಿರುವ ಮನುಷ್ಯನ ಮಿದುಳಿನಲ್ಲಿ ನಡೆಯುವ ವ್ಯಾಪಾರವನ್ನು ತಲೆಬುರುಡೆ ತೆರೆಯದೆ ನೋಡುವುದಕ್ಕೆ ವಿಕಿರಣಶೀಲವಾದ ಕೆಲವು ದ್ರವ್ಯಗಳನ್ನು ತಯಾರಿಸುತ್ತಾರೆ. ಅವಕ್ಕೆ ಟ್ರೇಸರ್ ಎಂದು ಹೆಸರು; ಜಾಡು ತೋರಿಸುವುದು ಎಂದರ್ಥ. ಅಂಥವನ್ನು ತಯಾರಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವನು ನಾನು. ಯಂತ್ರಗಳ ವಿಚಾರವನ್ನು ಪತ್ರಿಕೆಗಳಲ್ಲಿ ನೀವು ಬೇಕಾದಷ್ಟು ಓದಿರುತ್ತೀರಿ. ಆದರೆ ಕೋಟಿಗಟ್ಟಲೆ ಬೆಲೆಯ ಆ ಯಂತ್ರ ಸ್ವತಃ ಕುರುಡು. ಟ್ರೇಸರ್ ಎಲ್ಲಿಗೆ ಹೋಗಿ ನಿಲ್ಲುತ್ತದೆಯೋ ಅದನ್ನು ಮಾತ್ರ ಅದು ತೋರಿಸಬಲ್ಲುದು.

ಕಥೆ ಆರಂಭವಾಗುವುದು ಬಣ್ಣದಿಂದಲೇ. 1885ರಲ್ಲಿ ಜರ್ಮನಿಯ ಪೌಲ್ ಏರ್ಲಿಖ್ ಪ್ರಾಣಿಗಳ ರಕ್ತಕ್ಕೆ ಬಟ್ಟೆಯ ಬಣ್ಣಗಳನ್ನು ಸೇರಿಸಿ ನೋಡಿದ. ಮೈಯ ಅಂಗಾಂಗಗಳೆಲ್ಲ ಬಣ್ಣ ಹಿಡಿದವು. ಮಿದುಳು ಮಾತ್ರ ಬೆಳ್ಳಗೆ ಉಳಿಯಿತು. ಮಿದುಳಿಗೂ ಆ ಬಣ್ಣಕ್ಕೂ ಹೊಂದಿಕೆಯಿಲ್ಲವೆಂದು ಆತ ಭಾವಿಸಿದ. ದೊಡ್ಡಬಳ್ಳಾಪುರದಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವ ಕಸುಬಿನಲ್ಲಿದ್ದ ನನ್ನ ದೊಡ್ಡಪ್ಪನೂ ಹಾಗೆಯೇ ಹೇಳುತ್ತಿದ್ದರು: ಹಿಡಿಯದ ನೂಲನ್ನು ಎಷ್ಟು ಕುದಿಸಿದರೂ ಹಿಡಿಯದು. ಆದರೆ 1913ರಲ್ಲಿ ಏರ್ಲಿಖ್‌ನ ಶಿಷ್ಯ ಗೋಲ್ಡ್‌ಮನ್ ಬಣ್ಣವನ್ನು ರಕ್ತಕ್ಕೆ ಬಿಡದೆ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಬಿಟ್ಟ. ಮಿದುಳು ನೀಲಿಯಾಯಿತು, ಮಿಕ್ಕ ಮೈ ಬಿಳಿಯಾಗಿಯೇ ಉಳಿಯಿತು. ನೂಲಿನಲ್ಲಿ ದೋಷವಿರಲಿಲ್ಲ, ನಡುವೆ ಗೋಡೆಯಿತ್ತು.

ಆ ಗೋಡೆ ಎಂದರೆ ಮಿದುಳಿನ ಸೂಕ್ಷ್ಮ ರಕ್ತನಾಳಗಳ ಒಳಮೈಯೇ. ಅಲ್ಲಿನ ಜೀವಕೋಶಗಳು ಒಂದಕ್ಕೊಂದು ಸಂದಿಲ್ಲದಂತೆ ಬೆಸೆದುಕೊಂಡಿವೆ. ಒಳಗೆ ಹೋಗಲು ಎರಡೇ ಉಪಾಯ. ಗಾತ್ರದಲ್ಲಿ ಕಿರಿದಾಗಿ, ಕೊಬ್ಬಿನಲ್ಲಿ ಕರಗುವಂತಿದ್ದು, ವಿದ್ಯುದಂಶವಿಲ್ಲದೆ ನುಸುಳಿಕೊಳ್ಳಬೇಕು. ಇಲ್ಲವಾದರೆ ಕೋಟೆಯವರೇ ಬಾಗಿಲು ತೆರೆದು ಕರೆಯುವ ಅತಿಥಿಯ ವೇಷ ಹಾಕಬೇಕು.

ವೇಷ ಹಾಕಿ ಒಳಹೊಕ್ಕವರ ಪೈಕಿ ಅತ್ಯಂತ ಪ್ರಸಿದ್ಧವಾದದ್ದು ಎಫ್‌ಡಿಜಿ. ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಎರಡರಷ್ಟು. ಅದು ಬಳಸುವ ಶಕ್ತಿಯೋ ನೂರಕ್ಕೆ ಇಪ್ಪತ್ತರಷ್ಟು. ಅದರ ಮುಖ್ಯ ಆಹಾರ ಗ್ಲೂಕೋಸ್. ಗ್ಲೂಕೋಸಿನಂತೆಯೇ ಕಾಣುವ, ಆದರೆ ಒಂದು ಕಡೆ ಆಮ್ಲಜನಕ ಕಡಿಮೆಯಿರುವ ಸಕ್ಕರೆಯನ್ನು ಬಳಸಿ ಅಮೆರಿಕದ ಲೂಯಿ ಸೋಕೊಲೋಫ್ ಪ್ರಾಣಿಗಳ ಮಿದುಳಿನ ಆಹಾರವ್ಯಯವನ್ನು ಅಳೆದರು. ಈ ಸಕ್ಕರೆ ಜೀವಕೋಶದೊಳಕ್ಕೆ ಹೋಗುತ್ತದೆ, ಮೊದಲ ಹಂತದಲ್ಲಿ ರೂಪಾಂತರವನ್ನೂ ಹೊಂದುತ್ತದೆ, ಅಲ್ಲಿಂದ ಮುಂದಕ್ಕೆ ಹೋಗಲಾರದೆ ಸಿಕ್ಕಿಕೊಳ್ಳುತ್ತದೆ. ಬೀಸುವ ಕಲ್ಲಿನ ಬಾಯಿಗೆ ರಾಗಿಯೊಡನೆ ಬಿದ್ದ ಹರಳಿನಂತೆ ಎನ್ನಬಹುದು: ಒಳಗೆ ಹೋಯಿತು, ಹಿಟ್ಟಾಗಲಿಲ್ಲ. ಇದಕ್ಕೆ ವಿಕಿರಣಶೀಲ ಫ್ಲೂರಿನ್ ಅಂಟಿಸಿದರೆ ಮನುಷ್ಯರಲ್ಲಿಯೂ ನೋಡಬಹುದು. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ತತ್ಸುವೊ ಇದೊ, ಆಲ್ಫ್ರೆಡ್ ವುಲ್ಫ್, ಜೋನ್ ಫೌಲರ್ ಮೊದಲಾದವರು ಆ ಕೆಲಸ ಮಾಡಿದರು. 1976ರ ಆಗಸ್ಟಿನಲ್ಲಿ ಅದನ್ನು ವಿಮಾನದಲ್ಲಿ ಫಿಲಡೆಲ್ಫಿಯಕ್ಕೆ ಕಳುಹಿಸಿ, ಮೊಟ್ಟಮೊದಲು ಮನುಷ್ಯರಿಗೆ ಕೊಟ್ಟರು.

ವಿಮಾನವೇಕೆ? ಅಲ್ಲಿದೆ ನಮ್ಮ ಕಸುಬಿನ ಸಂಕಟ. ಆ ಫ್ಲೂರಿನ್‌ನ ಅರ್ಧಾಯು 110 ನಿಮಿಷ. ಅಷ್ಟು ಹೊತ್ತಿನಲ್ಲಿ ಅರ್ಧ ಭಾಗ ತಾನಾಗಿ ನಶಿಸುತ್ತದೆ. ಮಾಕಳಿದುರ್ಗದ ನಿಲ್ದಾಣದಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿದವನು ಬೆಂಗಳೂರು ಸೇರುವ ವೇಳೆಗೆ, ದಾರಿಯಲ್ಲಿ ಕ್ರಾಸಿಂಗಿಗೆ ನಿಲ್ಲಿಸಿದರಂತೂ, ಕೈಯಲ್ಲಿದ್ದದ್ದು ಅರ್ಧವಾಗಿರುತ್ತದೆ. ಇಂಗಾಲದ ಬಗೆಯದು ಇನ್ನೂ ಅವಸರದ್ದು, 20 ನಿಮಿಷ. ಅದನ್ನು ಔಷಧಕ್ಕೆ ಜೋಡಿಸಿ, ಶುದ್ಧಿಮಾಡಿ, ಪರೀಕ್ಷಿಸಿ ಕೊಡುವುದಕ್ಕೆ 40 ನಿಮಿಷ ಹಿಡಿದರೆ ಉಳಿಯುವುದು ಕಾಲು ಭಾಗ. ಆಮ್ಲಜನಕದ್ದು 2 ನಿಮಿಷ. ಯಂತ್ರದ ಪಕ್ಕದಲ್ಲಿಯೇ ಹುಟ್ಟಬೇಕು, ಅಲ್ಲಿಯೇ ಸಾಯಬೇಕು. ಅಡಿಗೆಯವನು ಇಷ್ಟು ಗಡಿಬಿಡಿ ಮಾಡಿದರೆ ಊಟ ಕೆಡುತ್ತದೆ. ನಮ್ಮಲ್ಲಿ ಗಡಿಬಿಡಿ ಮಾಡದಿದ್ದರೆ ಊಟವೇ ಇರುವುದಿಲ್ಲ.

1983ರ ಮೇ ತಿಂಗಳಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಹೆನ್ರಿ ವಾಗ್ನರ್ ಇಂಥ ಇಂಗಾಲವನ್ನು ಜೋಡಿಸಿದ ಟ್ರೇಸರನ್ನು ತಮಗೇ ಚುಚ್ಚಿಸಿಕೊಂಡು, ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಂದು ಕೂರುವ ತಾಣಗಳ ಚಿತ್ರ ತೆಗೆಸಿದರು. ಅಂಥ ಟ್ರೇಸರನ್ನು ಕೊಡುವ ಪ್ರಮಾಣ ತೀರ ಅತ್ಯಲ್ಪ. ಅದು ಔಷಧದ ಕೆಲಸ ಮಾಡಬಾರದು, ಮಿದುಳಿಗೆ ತಾನು ಬಂದ ಸುದ್ದಿಯೇ ತಿಳಿಯಬಾರದು. ಬೇಹಿನವನ ಲಕ್ಷಣ ಅದೇ ಅಲ್ಲವೇ?

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ಪ್ರಸಂಗ ಇನ್ನೊಂದಿದೆ. ಆಲ್‌ಜೈಮರ್ ಎಂಬ ಮರೆವಿನ ರೋಗದಲ್ಲಿ ಮಿದುಳಿನೊಳಗೆ ಅಮಿಲಾಯ್ಡ್ ಎಂಬ ಪ್ರೋಟೀನಿನ ಗಂಟುಗಳು ಸೇರಿಕೊಳ್ಳುತ್ತವೆ. ರೋಗಿ ತೀರಿಕೊಂಡ ಮೇಲೆ ಮಿದುಳಿನ ತೆಳುಪದರಕ್ಕೆ ಥಯೋಫ್ಲೇವಿನ್ ಎಂಬ ಹಳದಿ ಬಣ್ಣ ಹಾಕಿ ವೈದ್ಯರು ಅವನ್ನು ಗುರುತಿಸುತ್ತಿದ್ದರು. ಜೀವಂತ ಮಿದುಳಿಗೆ ಆ ಬಣ್ಣ ಹೋಗದು, ಏಕೆಂದರೆ ಅದರ ಅಣುವಿನ ಮೇಲೆ ಧನ ವಿದ್ಯುದಂಶವಿದೆ, ಗೋಡೆ ತಡೆಯುತ್ತದೆ. ಪಿಟ್ಸ್‌ಬರ್ಗಿನ ವಿಲಿಯಂ ಕ್ಲಂಕ್ ಮತ್ತು ಚೆಸ್ಟರ್ ಮ್ಯಾಥಿಸ್ ವರ್ಷಗಟ್ಟಲೆ ಒಂದಾದಮೇಲೊಂದು ಅಣುವನ್ನು ಮಾಡಿ ನೋಡಿದರು. ಒಂದು ಒಳಗೆ ಹೋಗುತ್ತಿರಲಿಲ್ಲ, ಇನ್ನೊಂದು ಹೋದರೂ ಗಂಟಿಗೆ ಅಂಟುತ್ತಿರಲಿಲ್ಲ, ಮತ್ತೊಂದು ಎಲ್ಲೆಲ್ಲಿಯೂ ಅಂಟಿ ಹೊರಗೆ ಬರಲೊಲ್ಲದು. ಕಡೆಗೆ ಹಳದಿ ಬಣ್ಣದ ಆ ವಿದ್ಯುದಂಶವನ್ನೇ ಕಿತ್ತುಹಾಕಿ ಮಾಡಿದ ಅಣುವೊಂದು ಗೋಡೆ ದಾಟಿತು, ಗಂಟನ್ನು ಹಿಡಿಯಿತು, ಗಂಟಿಲ್ಲದ ಕಡೆಯಿಂದ ಬೇಗನೆ ತೊಳೆದುಹೋಯಿತು. 2002ರಲ್ಲಿ ಸ್ವೀಡನ್ನಿನಲ್ಲಿ ಮೊದಲ ರೋಗಿಗೆ ಅದನ್ನು ಕೊಟ್ಟರು. 16 ರೋಗಿಗಳ, 9 ಆರೋಗ್ಯವಂತರ ವರದಿ 2004ರಲ್ಲಿ ಪ್ರಕಟವಾಯಿತು. ಪಿಟ್ಸ್‌ಬರ್ಗ್ ಸಂಯುಕ್ತ ಬಿ ಎಂಬ ಹೆಸರನ್ನು ಇಟ್ಟವರು ಸ್ವೀಡನ್ನಿನ ಉಪ್ಸಾಲದವರು. ಸಾವಿನ ನಂತರ ಸಿಗುತ್ತಿದ್ದ ಉತ್ತರ ಬದುಕಿರುವಾಗಲೇ ಸಿಕ್ಕಿದ್ದು ಹೀಗೆ. ಅದರಲ್ಲಿದ್ದದ್ದು 20 ನಿಮಿಷದ ಇಂಗಾಲವಾದುದರಿಂದ ದೂರದೂರಿನವರಿಗೆ ದಕ್ಕಲಿಲ್ಲ. ಫ್ಲೂರಿನ್ ಜೋಡಿಸಿದ ಬಂಧುವೊಂದಕ್ಕೆ 2012ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅಮಿಲಾಯ್ಡನ್ನು ಕರಗಿಸುವ ಹೊಸ ಔಷಧಗಳನ್ನು ಯಾರಿಗೆ ಕೊಡಬೇಕೆಂದು ನಿರ್ಧರಿಸುವುದರಲ್ಲಿಯೂ ಈ ಟ್ರೇಸರ್‌ಗಳ ಪಾತ್ರ ದೊಡ್ಡದು. ಮರೆವಿನವರೆಲ್ಲರ ಮಿದುಳಿನಲ್ಲಿಯೂ ಆ ಗಂಟು ಇರುವುದಿಲ್ಲ. ಗಂಟಿರುವ ಎಲ್ಲರಿಗೂ ಮರೆವು ಇರುವುದಿಲ್ಲ.

ನಮ್ಮ ದೇಶದ ಮೊದಲ ವೈದ್ಯಕೀಯ ಸೈಕ್ಲೋಟ್ರಾನ್ ಬಂದದ್ದು 2002ರಲ್ಲಿ, ಮುಂಬಯಿಯ ಪರೇಲಿನ ವಿಕಿರಣ ವೈದ್ಯಕೀಯ ಕೇಂದ್ರಕ್ಕೆ. ಮುಂದೆ ಬೆಂಗಳೂರಿಗೂ ಬಂತು; ನಿಮ್ಹಾನ್ಸ್‌ನಲ್ಲಿ ಟ್ರೇಸರಿನ ಚಿತ್ರವನ್ನೂ ಎಂಆರ್‌ಐ ಚಿತ್ರವನ್ನೂ ತೆಗೆಯುವ ಜೋಡಿ ಯಂತ್ರವೂ ಇದೆ. ಸೈಕ್ಲೋಟ್ರಾನ್ ಇಲ್ಲದವರಿಗೆ ಇನ್ನೊಂದು ದಾರಿಯುಂಟು: ಟೆಕ್ನೀಷಿಯಂ. ಸೀಸದ ಪೆಟ್ಟಿಗೆಯೊಳಗಿನ ಮಾಲಿಬ್ಡಿನಂನಿಂದ ಅದನ್ನು ದಿನವೂ ಬಸಿದುಕೊಳ್ಳಬಹುದು. ಮರುದಿನಕ್ಕೆ ಮತ್ತೆ ತುಂಬಿಕೊಳ್ಳುತ್ತದೆ. ಪ್ರಯೋಗಾಲಯದವರು ಆ ಪೆಟ್ಟಿಗೆಯನ್ನು ಹಸು ಎಂದೇ ಕರೆಯುತ್ತಾರೆ. ವಾರವೊಂದು ಕಳೆಯುವ ವೇಳೆಗೆ ಅದು ಬತ್ತಿಹೋಗುತ್ತದೆ, ಹೊಸದನ್ನು ತರಿಸಬೇಕು. ಟೆಕ್ನೀಷಿಯಂನ ಅರ್ಧಾಯು 6 ಗಂಟೆ. ಅದನ್ನು ಜೋಡಿಸಿದ ಟ್ರೋಡಾಟ್ ಎಂಬ ಟ್ರೇಸರ್, ಕೈನಡುಕದ ಪಾರ್ಕಿನ್‌ಸನ್ ರೋಗದಲ್ಲಿ ಡೋಪಮಿನ್ ಕೋಶಗಳು ಎಷ್ಟು ಉಳಿದಿವೆ ಎಂಬುದನ್ನು ಸಾಧಾರಣ ಕ್ಯಾಮರಾದಲ್ಲಿಯೇ ತೋರಿಸುತ್ತದೆ. ನಮ್ಮಂಥ ದೇಶಕ್ಕೆ ಇಂಥ ಹಸುಗಳೇ ಹೆಚ್ಚು ಉಪಕಾರಿ ಎಂದು ನನ್ನ ಅಭಿಪ್ರಾಯ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, 45 ವರ್ಷ ದಾಟಿದ ಹತ್ತು ಸಾವಿರ ಜನರನ್ನು ದೀರ್ಘಕಾಲ ಪರೀಕ್ಷಿಸುತ್ತ ಹೋಗುವ ಗುರಿಯೊಡನೆ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನ ಕೇಂದ್ರವು ಅಧ್ಯಯನ ನಡೆಸುತ್ತಿದೆ. ಇದು ಬೇಕಾಗಿಯೇ ಇತ್ತು. ರಾಗಿಮುದ್ದೆ ಉಂಡು ಹೊಲದಲ್ಲಿ ಬಾಳಿದವರ ಮಿದುಳು ಮುಪ್ಪಿನಲ್ಲಿ ಹೇಗಿರುತ್ತದೆಂಬುದನ್ನು ಪಿಟ್ಸ್‌ಬರ್ಗಿನ ಚಿತ್ರಗಳಿಂದ ಊಹಿಸುತ್ತ ಕೂರಲಾಗದು.

ಬಣ್ಣದ ಕಸುಬಿನ ಆ ದೊಡ್ಡಪ್ಪನಿಗೇ ಮುಪ್ಪಿನಲ್ಲಿ ಮರೆವು ಬಂತು. ಮೊದಲು ಹೆಸರುಗಳು, ಆಮೇಲೆ ಮನೆಯ ದಾರಿ. ವೈದ್ಯರು ಎಫ್‌ಡಿಜಿ ಪರೀಕ್ಷೆ ಬರೆದುಕೊಟ್ಟರು. ದೊಡ್ಡಮ್ಮ ನನ್ನನ್ನು ಕೇಳಿದರು: “ಏನಪ್ಪಾ, ಈ ಸೂಜಿ ಚುಚ್ಚಿದ್ರೆ ನಿಮ್ಮ ದೊಡ್ಡಪ್ಪಂಗೆ ಮರೆವು ಹೋಗ್ತದಾ?” ಹೋಗುವುದಿಲ್ಲ, ಯಾವ ಜಾಗ ಸೊರಗಿದೆ ಎಂದು ಕಾಣುತ್ತದೆ ಅಷ್ಟೆ, ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಾಣ್ಲಿ ಬಿಡು. ಬೇಕೂಂತ ಮಾಡ್ತಾರೆ ಅಂತ ನಾನು ರೇಗ್ತಾ ಇದ್ನಲ್ಲ” ಎಂದರು.

ಸೂಜಿ ಹಾಕಿದ ಮೇಲೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಮಂದ ಬೆಳಕಿನ ಕೋಣೆಯಲ್ಲಿ ಮಾತಿಲ್ಲದೆ ಮಲಗಿರಬೇಕು. ಮಾತನಾಡಿದರೆ ಮಾತಿನ ಜಾಗ ಹೆಚ್ಚು ಸಕ್ಕರೆ ಎಳೆದುಕೊಂಡು ಚಿತ್ರ ತಪ್ಪಾಗುತ್ತದೆ. ಚಿತ್ರದಲ್ಲಿ ಕಪಾಲದ ಎರಡೂ ಪಕ್ಕ ಮತ್ತು ನೆತ್ತಿಯ ಹಿಂಭಾಗ ಸಕ್ಕರೆ ಕಡಿಮೆ ಹಿಡಿದಿತ್ತು. ಆಲ್‌ಜೈಮರ್ ಸಾಮಾನ್ಯವಾಗಿ ತೋರಿಸುವ ಗುರುತು ಅದೇ. ದೊಡ್ಡಮ್ಮನಿಗೆ ಉಳಿದಿದ್ದ ಚಿಂತೆ ಬೇರೆ: ರಾತ್ರಿ ತಾತನ ಮಗ್ಗುಲಲ್ಲಿ ಮಲಗುವ ಮೊಮ್ಮಗುವಿಗೆ ಆ ಮದ್ದು ತಗಲೀತೆ? ಆ ಪರೀಕ್ಷೆಯಿಂದ ರೋಗಿಯ ಮೈಗೆ ತಗಲುವುದು, ನೆಲದಿಂದಲೂ ಗಾಳಿಯಿಂದಲೂ ಎಲ್ಲರಿಗೂ ಎರಡು ಮೂರು ವರ್ಷಗಳಲ್ಲಿ ತಗಲುವ ವಿಕಿರಣದಷ್ಟು. ನಮ್ಮ ದುರ್ಗದ ಬಂಡೆಯಲ್ಲಿಯೂ ಆ ಅಂಶ ಇದ್ದೇ ಇದೆ. ಆದರೂ ಆ ದಿನ ಕೂಸನ್ನು ದೂರವಿಡಿ, ಅವರಿಗೆ ನೀರು ಹೆಚ್ಚಾಗಿ ಕುಡಿಸಿ ಎಂದು ಹೇಳಿದೆ. ಹದಿನೆಂಟು ಗಂಟೆ ಕಳೆಯುವ ವೇಳೆಗೆ ಸಾವಿರದಲ್ಲಿ ಒಂದು ಪಾಲೂ ಮೈಯಲ್ಲಿ ಉಳಿಯದು. ಮರುದಿನ ಮಧ್ಯಾಹ್ನ ಕೂಸು ತಾತನ ತೊಡೆಯ ಮೇಲಿತ್ತು.