ಜಾಲರಿಯ ಆಚೆ ಈಚೆ

ಆಫ್ರಿಕದ ಬಯಲುಗಳ ಹಕ್ಕಿ ಗಿನಿಕೋಳಿ, ಮೈತುಂಬ ಬಿಳಿ ಚುಕ್ಕೆ ಹೊತ್ತು ನಮ್ಮ ಹಿತ್ತಲುಗಳಲ್ಲೂ ಓಡಾಡುತ್ತದೆ. ಅಪರಿಚಿತರು ಬಂದರೆ ಕೇರಿಗೆಲ್ಲ ಕೇಳುವಂತೆ ಕೂಗುತ್ತದೆ. ತನ್ನದೇ ಕುಲದ ಹೊಸ ಮರಿಯೂ ಅದಕ್ಕೆ ಅಪರಿಚಿತವೇ.

ಮರಿ ಮೊಟ್ಟೆಯೊಡೆದು ಬರಲು 26ರಿಂದ 28 ದಿನ ಬೇಕು. ಎಳೆಯದು ಒದ್ದೆಯಾದರೆ ಉಳಿಯುವುದು ಕಷ್ಟ. ಪುಕ್ಕ ಬಲಿತ ಮೇಲೂ ನೇರವಾಗಿ ಹಿಂಡಿಗೆ ಬಿಟ್ಟರೆ ದೊಡ್ಡವು ಅಟ್ಟಾಡಿಸಿ ಕುಕ್ಕುತ್ತವೆ.

ಅದಕ್ಕೇ ತಿಳಿದವರು ಗೂಡಿನೊಳಗೆ ತಂತಿಜಾಲರಿ ಅಡ್ಡ ಕಟ್ಟುತ್ತಾರೆ. ಈಚೆ ಮರಿಗಳು, ಆಚೆ ಹಿರಿಯವು. ಒಂದೆರಡು ವಾರ ಬರೀ ನೋಡುವುದು, ದನಿ ಕೇಳುವುದು, ಒಂದೇ ಹೊತ್ತಿಗೆ ಕಾಳು ಹೆಕ್ಕುವುದು. ಮೊದಮೊದಲು ಜಾಲರಿಗೆ ಕೊಕ್ಕು ಬಡಿದ ಹುಂಜವೇ ಬರಬರುತ್ತಾ ಅದರ ಪಕ್ಕದಲ್ಲಿ ಮಣ್ಣಿನಲ್ಲಿ ಹೊರಳಾಡುತ್ತದೆ. ಮೆಲ್ಲಗೆ ಬೆಳೆಯುವ ಈ ಪರಿಚಯವೇ ನನಗೆ ಇಡೀ ಕೆಲಸದ ಜೀವಾಳ ಅನಿಸುತ್ತದೆ. ಮನೆಗೆ ಬಂದ ಹೊಸ ಸೊಸೆಗೆ, ಊರು ಬಿಟ್ಟು ಬಂದು ಹೊಸ ಶಾಲೆ ಸೇರಿದ ಮಗುವಿಗೆ ನಾವು ಇಂಥ ಎರಡು ವಾರ ಕೊಡುತ್ತೇವೆಯೇ?

ಜಾಲರಿ ತೆಗೆಯುವ ದಿನ ಕಾಳು, ನೀರು ಎರಡು ಮೂರು ಕಡೆ ಇಡಿ. ಬಚ್ಚಿಟ್ಟುಕೊಳ್ಳಲು ಮರೆಯಿರಲಿ. ಒಂಟಿ ಮರಿಯನ್ನು ಮಾತ್ರ ಎಂದೂ ಬಿಡಬೇಡಿ. ಜೊತೆಗೆ ಇನ್ನೊಂದಾದರೂ ಇರಲಿ.